ಗಂಟೆ ನಿಲ್ಲಿಸದ ಆಕೆನೆಸೆ

ಸಮುದ್ರದ ಕಡೆ ಇನ್ನೂ ಮಬ್ಬು. ನಮ್ಮೂರು ವೈತಾಲೋದ ಶಾಲೆಯ ಹಿಂದಿನ ಗುಡ್ಡದ ದಾರಿಯಲ್ಲಿ ಆಕೆನೆಸೆ ಸೊಂಟ ಬಗ್ಗಿಸಿ ಹುಲ್ಲು ಸವರುತ್ತಿದ್ದಾರೆ. ರಾತ್ರಿ ಮಳೆ ಬಿದ್ದಿದೆ. ದೀವಿಹಲಸಿನ ಕೊಳೆತ ಎಲೆಯ ಮೇಲೆ ಕಾಲಿಟ್ಟರೆ ದೊಡ್ಡವರೇ ಜಾರುತ್ತಾರೆ, ಇನ್ನು ಒಂದನೇ ತರಗತಿಯವರ ಪಾಡು ಕೇಳಬೇಕೆ? ಎಲೆಗಳನ್ನೆಲ್ಲ ಬರಿಗಾಲಿನಲ್ಲೇ ಪಕ್ಕಕ್ಕೆ ತಳ್ಳಿ, ಹಂದಿಗಳು ಅಗೆದ ಗುಂಡಿಗೆ ಮಣ್ಣು ತುಂಬಿ ತುಳಿಯುತ್ತಾರೆ.

"ನಾನು ಮುಚ್ಚೋದು, ಅವು ಅಗೆಯೋದು. ಅವಕ್ಕೂ ಬೇರೆ ಕೆಲಸ ಇಲ್ಲ, ನಂಗೂ ಇಲ್ಲ" ಎನ್ನುತ್ತಾರೆ, ಕೈ ನಿಲ್ಲಿಸದೆ.

ಈ ದಿನ ಶಾಲೆಯಲ್ಲಿ ಅಣಕು ಕವಾಯತು. ಪೊಲೀಸರು, ಅಗ್ನಿಶಾಮಕ ದಳ, ಆಸ್ಪತ್ರೆ, ರೆಡ್ ಕ್ರಾಸ್, ಶಿಕ್ಷಣ ಇಲಾಖೆ, ಎಲ್ಲರೂ ರಾಜಧಾನಿ ಆಪಿಯಾದಿಂದ ಬರುತ್ತಾರೆ. ಭೂಮಿ ನಡುಗಿ ಸಮುದ್ರ ಹಿಂದೆ ಸರಿದರೆ ಮಕ್ಕಳನ್ನು ಗುಡ್ಡ ಹತ್ತಿಸುವುದು ಹೇಗೆ ಎಂದು ಎಲ್ಲರೂ ಸೇರಿ ಕಲಿಯುವ ದಿನ ಇದು. ನಮ್ಮ ಶಾಲೆಗೂ ಸಮುದ್ರಕ್ಕೂ ನಡುವೆ ಇರುವುದು ಒಂದು ಡಾಂಬರು ರಸ್ತೆ, ಒಂದು ಚರ್ಚು, ಅಷ್ಟೇ. ಮಕ್ಕಳು ಹತ್ತುತ್ತಾರೋ ಇಲ್ಲವೋ ಎಂಬ ಚಿಂತೆ ಈಗ ಊರಿಗಿಲ್ಲ. ಆಕೆನೆಸೆ ಹತ್ತುತ್ತಾರೋ ಇಲ್ಲವೋ ಎಂಬುದೇ ಚಿಂತೆ. ಹೋದ ಸಲದ ಕವಾಯತಿನಲ್ಲಿ ಅವರು ಸತ್ತಿದ್ದರು.

ಆಕೆನೆಸೆ ಶಾಲೆಯ ಕಸ ಗುಡಿಸುವವರು. ಚರ್ಚಿನ ಗಂಟೆ ಹೊಡೆಯುವ ಕೆಲಸವೂ ಅವರದೇ. ಗಂಟೆ ಎಂದರೆ ಮರಕ್ಕೆ ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರು. ಕಬ್ಬಿಣದ ಸಲಾಕೆಯಿಂದ ಹೊಡೆದರೆ ಊರಿನ ಆ ತುದಿಗೂ ಕೇಳುತ್ತದೆ. ಅವರು ಪಕ್ಕದ ಸವಾಯಿ ದ್ವೀಪದಿಂದ ಮದುವೆಯಾಗಿ ಬಂದವರು. ಹೊರಗಿನಿಂದ ಬಂದ ಸೊಸೆಗೆ ಇಲ್ಲಿ ಅಡುಗೆಮನೆಯಲ್ಲಿ ಕೆಲಸ ಜಾಸ್ತಿ, ಸಭೆಯಲ್ಲಿ ಮಾತು ಕಡಿಮೆ. ಗಂಡ ವರ್ಷದ ಅರ್ಧ ನ್ಯೂಜಿಲೆಂಡಿನ ತೋಟಗಳಲ್ಲಿ ಹಣ್ಣು ಕೀಳುತ್ತಾನೆ. ಮನೆ, ಅತ್ತೆ, ಕೆಸುವಿನ ಹೊಲ, ಶಾಲೆಯ ಪೊರಕೆ, ಚರ್ಚಿನ ಗಂಟೆ ಎಲ್ಲವೂ ಇವರ ಪಾಲಿಗೆ. ದೊಡ್ಡ ಅಲೆ ಬಂದ ವರ್ಷ ಅವರಿನ್ನೂ ಹೊಸ ಸೊಸೆ.

"ಆವತ್ತು ಬೆಳಗ್ಗೆ ಯಾವ ಗಂಟೇನೂ ಕೇಳ್ಲಿಲ್ಲ. ಅತ್ತೆ ಗುಡ್ಡದಿಂದ ನನ್ನ ಹೆಸರು ಹಿಡಿದು ಕೂಗಿದ್ರು. ಅದಕ್ಕೇ ಓಡ್ದೆ. ಅದುವರೆಗೂ ಅವರು ಕರೆದಾಗೆಲ್ಲ ಏನೋ ಬೈಯೋಕೇ ಅಂದ್ಕೊಂಡಿದ್ದೆ. ಈಗ ಬೈದ್ರೂ ಸರಿ, ಕರೀಲಿ ಅನ್ಸುತ್ತೆ."

ಮೊದಲನೇ ಕವಾಯತಿನ ಕತೆ ಈಗಲೂ ಊರಿನವರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಅಪಾಯದ ಸೂಚನೆಗೆ ಏನಾದರೂ ಬಾರಿಸಿ ಎಂದರು ಅಧಿಕಾರಿಗಳು. ಆಕೆನೆಸೆ ಹೋಗಿ ಚರ್ಚಿನ ಗಂಟೆ ಬಾರಿಸಿದರು. ನಮ್ಮ ಊರಿನಲ್ಲಿ ಆ ಸದ್ದಿಗೆ ಒಂದೇ ಅರ್ಥ, ಸಂಜೆಯ ಪ್ರಾರ್ಥನೆಯ ಹೊತ್ತು. ಎಲ್ಲಿದ್ದವರು ಅಲ್ಲೇ ಕೂರಬೇಕು. ಊರಿನ ಗಂಡಾಳುಗಳು ಲುಂಗಿ ಬಿಗಿದು ರಸ್ತೆಯುದ್ದಕ್ಕೂ ನಿಂತು ಬರುವ ಗಾಡಿಗಳನ್ನೆಲ್ಲ ತಡೆಯಬೇಕು. ಅಂದು ಹಾಡುಹಗಲೇ ಹಾಗೆ ಮಾಡಿದರು. ಮಕ್ಕಳು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೀರ್ತನೆ ಶುರುಮಾಡಿದರು. ಅಗ್ನಿಶಾಮಕ ದಳದ ಗಾಡಿ ಊರ ಬಾಗಿಲಲ್ಲೇ ನಿಂತಿತು.

"ಬಿಡಪ್ಪಾ, ಸುನಾಮಿ ಬಂದಿದೆ ಅಂತ ಲೆಕ್ಕ" ಎಂದು ಚಾಲಕ ಬೇಡಿಕೊಂಡನಂತೆ. "ಬರ್ಲಿ, ಪ್ರಾರ್ಥನೆ ಮುಗಿಯೋವರೆಗೂ ಅದೂ ನಿಂತ್ಕೊಳ್ಲಿ" ಎಂದರಂತೆ ರಸ್ತೆಯಲ್ಲಿದ್ದವರು.

ಎಲ್ಲರೂ ನಕ್ಕರು, ಆಕೆನೆಸೆ ನಗಲಿಲ್ಲ. ಶಾಲೆಯ ಹಿಂದೆ ಪೊರಕೆ ಹಿಡಿದು ಅಳುತ್ತಿದ್ದವರನ್ನು ಕಂಡು ಸಮಾಧಾನ ಹೇಳಿದವರು ಊರಿನ ಹಿರಿಯ ಮುಖಂಡ ತೌಆಫು. ಅವರು ನಕ್ಕರೂ ಬೈದಂತೆ ಕಾಣುವ ಮನುಷ್ಯ. "ಅಳ್ಬೇಡ. ಪೊಲೀಸರು ಸಾಲು ಕಟ್ಟೋಷ್ಟರಲ್ಲಿ ಬೆಳಗಾಗುತ್ತೆ. ನೀನು ಗಂಟೆ ಹೊಡೆದ ಕೂಡ್ಲೆ ನಮ್ಮ ಹುಡುಗ್ರು ಅವರವರ ಜಾಗದಲ್ಲಿದ್ರು. ಅವರನ್ನ ಗುಡ್ಡದ ಕಡೆ ತಿರುಗಿಸಿದ್ರೆ ಸಾಕು" ಎಂದರು.

ಹಾಗೇ ಆಯಿತು. ಹಗಲಿನಲ್ಲಿ ಗಂಟೆ ಬಿಡದೆ ಬಾರಿಸಿದರೆ ಗುಡ್ಡ ಹತ್ತಬೇಕು, ರಸ್ತೆ ಕಾಯುವ ಆಳುಗಳು ದಾರಿಯುದ್ದಕ್ಕೂ ನಿಂತು ಚಿಕ್ಕ ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಬೇಕು ಎಂದು ಊರಿನ ಸಭೆ ತೀರ್ಮಾನಿಸಿತು. ಎರಡನೇ ಕವಾಯತಿನಲ್ಲಿ ಮಕ್ಕಳು ಸರಸರನೆ ಮೇಲೇರಿದರು. ಆಸ್ಪತ್ರೆಯವರು ಚಪ್ಪಾಳೆ ತಟ್ಟಿದರು. ಕೆಳಗೆ ಗಂಟೆ ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು.

ನಿಲ್ಲಿಸಬಾರದಿತ್ತೇ ಎಂದರೆ ಆಕೆನೆಸೆ ದಡ್ಡರನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. "ಸಂಜೆ ಪ್ರಾರ್ಥನೇಲಿ ಗಂಟೆ ನಿಂತ್ಮೇಲೆ ಏನ್ಮಾಡ್ತೀವಿ? ಎಲ್ಲಾ ಮುಗೀತು ಅಂತ ಎದ್ದು ನಮ್ಮ ನಮ್ಮ ಕೆಲ್ಸಕ್ಕೆ ಹೋಗ್ತೀವಿ. ನಾನು ನಿಲ್ಸಿದ್ರೆ ಅರ್ಧ ದಾರೀಲಿರೋರು ಹಂದಿ ನೋಡೋಕೆ ವಾಪಸ್ ಇಳೀತಾರೆ. ನಮ್ಮೋರು ನಂಗೊತ್ತಿಲ್ವಾ?"

ಕೊನೆಗೆ ಅಲೆ ಬಂದಿತೆಂದು ಶೀಟಿ ಊದಿದಾಗ ಅವರು ಇನ್ನೂ ದಡದಲ್ಲೇ ಇದ್ದರು. ರೆಡ್ ಕ್ರಾಸಿನ ಹುಡುಗಿ ಬಂದು ಸಂಕೋಚದಿಂದಲೇ ಅವರ ಕೊರಳಿಗೆ ಕಪ್ಪು ಚೀಟಿ ಕಟ್ಟಿದಳು. ಕಪ್ಪು ಎಂದರೆ ಸತ್ತವರು. ಆ ಚೀಟಿ ನೇತಾಡುತ್ತಿದ್ದಂತೆಯೇ ಆಕೆನೆಸೆ ಬಂದವರಿಗೆಲ್ಲ ಬೇಯಿಸಿದ ಕೆಸುವಿನ ಗಡ್ಡೆ, ಮೀನು ಬಡಿಸಿದರು. "ಸತ್ತವರ ಕೈಯಡುಗೆ ಇಷ್ಟು ರುಚಿ ಇರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದು ಒಬ್ಬ ಪೊಲೀಸು ಚಟಾಕಿ ಹಾರಿಸಿದ. ತೌಆಫು ಎದುರಿಗಿದ್ದ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟರು. ನನ್ನ ಮಗಳು ಲುಸಿಯಾ ಒಂದನೇ ತರಗತಿ. ಅವಳೂ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ನಾಳೆ ನಮ್ಮ ತರಗತಿ ಯಾರು ಗುಡಿಸ್ತಾರೆ ಎಂದು ಕೇಳುತ್ತಲೇ ಇದ್ದಳು.

ಗಂಟೆಯನ್ನೇ ಮೇಲಕ್ಕೆ ಸಾಗಿಸಿ ಎಂದರು ಅಧಿಕಾರಿಗಳು. ಆಕೆನೆಸೆ ಒಪ್ಪಲಿಲ್ಲ. ದಡದ ಮನೆಗಳ ಕಿವಿ ಮಂದವಾದ ಮುದುಕರಿಗೆ ಅಲ್ಲಿಂದ ಕೇಳಿಸುವುದಿಲ್ಲ. ಕೆಳಗೆ ಯಾರಾದರೂ ಬಾರಿಸಲೇಬೇಕು. ಆಗ ತೌಆಫು ಸಭೆಯಲ್ಲಿ ಇನ್ನೊಂದು ಖಾಲಿ ಸಿಲಿಂಡರು ತರಿಸಿದರು. ಕೆಳಗಿನವರೆಲ್ಲ ದಾರಿ ಹಿಡಿದ ಮೇಲೆ ಗುಡ್ಡದ ಗಂಟೆ ಶುರುವಾಗಲಿ, ಅದು ಕೇಳಿದ ಕೂಡಲೇ ಆಕೆನೆಸೆ ಸಲಾಕೆ ಬಿಸಾಡಿ ಓಡಿಬರಲಿ ಎಂದರು. ಮೇಲಿನ ಗಂಟೆ ಯಾರು ಹೊಡೆಯುವುದು ಎಂಬ ಪ್ರಶ್ನೆ ಬಂತು.

"ನಾನೇ" ಎಂದರು ತೌಆಫು. "ಮನೆ ಗುಡ್ಡದ ಮೇಲೇ ಇದೆ. ಮಂಡಿ ಕೈಕೊಟ್ಟಿದೆ, ತೋಳು ಕೊಟ್ಟಿಲ್ಲ."

ಊರ ಮುಖಂಡ ಗಂಟೆ ಹೊಡೆಯುವುದೇ ಎಂದು ಕೆಲವರು ಮೂಗು ಮುರಿದರು. ಅದು ಸೊಸೆಯರ, ಹುಡುಗರ ಕೆಲಸ. ತೌಆಫು ಆಗಲೇ ಸಿಲಿಂಡರನ್ನು ಗುಡ್ಡಕ್ಕೆ ಸಾಗಿಸಲು ಹುಡುಗರನ್ನು ಕರೆಯುತ್ತಿದ್ದರು.

ಈಗ ಹೊತ್ತೇರಿದೆ. ನಾನು ತೌಆಫು ಅವರ ಜತೆ ಗುಡ್ಡದ ಮೇಲಿದ್ದೇನೆ. ಕೆಳಗೆ ಗಂಟೆ ಶುರುವಾಗುತ್ತದೆ. ಆಳುಗಳ ಕೈಯಿಂದ ಕೈಗೆ ಚಿಕ್ಕವರು ಬರುತ್ತಾರೆ, ಹಿಂದೆಯೇ ದೊಡ್ಡವರು, ದಡದ ಮುದುಕರು. ತೌಆಫು ಸಲಾಕೆ ಎತ್ತುತ್ತಾರೆ. ಮೇಲಿನ ಗಂಟೆ ಶುರುವಾಗುತ್ತದೆ, ಕೆಳಗಿನದು ನಿಲ್ಲುತ್ತದೆ. ಎಲ್ಲರೂ ದಾರಿಯ ತಿರುವನ್ನೇ ನೋಡುತ್ತಿದ್ದೇವೆ.

ಶಿಕ್ಷಣ ಇಲಾಖೆಯ ಅಧಿಕಾರಿ ತಲೆ ಎಣಿಸಿ ಮುಗಿಸಿ, ಖುಷಿಯಿಂದಲೇ ಬಂದು ತೌಆಫು ಅವರ ಭುಜ ಮುಟ್ಟುತ್ತಾರೆ. "ಸಾಕು ಯಜಮಾನ್ರೇ, ನಿಲ್ಸಿ. ಮಕ್ಕಳೆಲ್ಲ ಬಂದಾಯ್ತು."

ಅವರು ನಿಲ್ಲಿಸುವುದಿಲ್ಲ. "ನಿಲ್ಸಿದ್ರೆ ಎಲ್ಲರೂ ಬಂದ್ರು ಅಂತ ಅರ್ಥ. ಎಲ್ಲರೂ ಬಂದಿಲ್ಲ" ಎನ್ನುತ್ತಾರೆ.

ಬೆವರು ಅವರ ಗಲ್ಲದಿಂದ ತೊಟ್ಟಿಕ್ಕುತ್ತಿದೆ. ಹೊಡೆಯುತ್ತಲೇ ಇದ್ದಾರೆ. ತಿರುವಿನಲ್ಲಿ ಆಕೆನೆಸೆ ಕಾಣಿಸುತ್ತಾರೆ, ಲುಂಗಿ ಮಂಡಿಗೆ ಎತ್ತಿಕಟ್ಟಿ, ಏದುಸಿರು ಬಿಡುತ್ತಾ. ಮಕ್ಕಳು ಹೋ ಎನ್ನುತ್ತಾರೆ. ನನ್ನ ಮಗಳು ಹೋಗಿ ಅವರ ಕೈ ಹಿಡಿಯುತ್ತಾಳೆ. ನನ್ನ ಕಣ್ಣು ತುಂಬಿಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ನನ್ನ ಮಗಳು ಓಡುವ ದಾರಿಯನ್ನು ದಿನವೂ ಸವರಿಡುವ ಹೆಂಗಸು ಅವರು. ಅವರು ಮೇಲೆ ಬಂದು ಹುಲ್ಲಿನ ಮೇಲೆ ಕೂತ ನಂತರವೇ ತೌಆಫು ಸಲಾಕೆ ಕೆಳಗಿಡುತ್ತಾರೆ.

ಹೇಗನ್ನಿಸಿತು ಎಂದು ಕೇಳುತ್ತೇನೆ. ಆಕೆನೆಸೆ ಸೆರಗಿನಂತೆ ಹೊದ್ದ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಈ ಊರಿಗೆ ಬಂದಾಗಿಂದ ಎಲ್ಲರಿಗೂ ನಾನೇ ಗಂಟೆ ಹೊಡೆದಿದ್ದು. ಇವತ್ತು ಮೇಲಿಂದ ಕೇಳ್ತಾ ಇತ್ತಲ್ಲ, ಅದು ನನಗೊಬ್ಬಳಿಗೇ ಹೊಡೀತಿದ್ದಿದ್ದು."