ಹದಿನೆಂಟರ ಕ್ರಿಸ್ಟಲ್

ನಮ್ಮ ಸರ್ ಬಲಗೈ ಹೆಬ್ಬೆರಳಿನ ಉಗುರನ್ನು ಅರ್ಧ ಅಂಗುಲ ಬೆಳೆಸಿದ್ದರು. ಅದೇ ಅವರ ಸ್ಕ್ರೂಡ್ರೈವರ್, ಅದೇ ಹಲ್ಲುಕಡ್ಡಿ. ಬೆಳಗಿನ ಅವಲಕ್ಕಿಯ ಸಾಸಿವೆಯನ್ನು ಹಲ್ಲಿನ ಸಂದಿಯಿಂದ ಕೆದಕಿ ತೆಗೆದ ಉಗುರಿನಿಂದಲೇ ಕಂಪ್ಯೂಟರಿನ ಹೊಟ್ಟೆಯೊಳಗಿನ ಬಿಡಿಭಾಗಗಳನ್ನು ಮೀಟುತ್ತಿದ್ದರು. ನೋಡಿದರೆ ನನಗೆ ಹೇಸಿಕೆಯಾಗುತ್ತಿತ್ತು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಬೆಳಗಾವಿ ಕ್ಯಾಂಪಿನ ಒಂದು ಹಳೇ ಬಂಗಲೆಯ ಮುಂದಿನ ಕೋಣೆಯಲ್ಲಿ ಅವರ ಕಂಪ್ಯೂಟರ್ ಕೇಂದ್ರ. ನಾನು ದೇಸೂರಿನಿಂದ ದಿನಾ ರೈಲಿನಲ್ಲಿ ಬಂದು ಅಲ್ಲಿ ಟೈಪ್ ಮಾಡುತ್ತಿದ್ದೆ.

ಕೇಂದ್ರ ಎಂದರೆ ಇದ್ದದ್ದು ಒಂದೇ ಕಂಪ್ಯೂಟರ್. ಸರ್ ಮಾತು ಕೇಳಿದರೆ ಮಾತ್ರ ಊರಿಗೆ ಕರೆಂಟು ತಂದವರೂ ಅವರೇ ಇರಬೇಕು ಅನ್ನಿಸುತ್ತಿತ್ತು. ಯಾರೇ ಬರಲಿ, ಬರ್ರಿ ಕುಂದರ್ರಿ ಎಂದು ಕೂಡಿಸಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಒಂದು ಸಾವಿರ ಹೆಸರನ್ನು ಅಕಾರಾದಿಯಾಗಿ ಜೋಡಿಸಿ ತೋರಿಸುವರು. ಮುಗಿದ ಕೂಡಲೇ "ಓಡ್ತು" ಎನ್ನುವರು. ಪರದೆ ಬೆಳಗಿದರೂ ಓಡ್ತು, ಒಂದು ಹಾಳೆ ಅಚ್ಚಾದರೂ ಓಡ್ತು. ಓಡಿ ಎಲ್ಲಿಗೆ ಹೋಯಿತು ಎಂದು ನೋಡುವ ವ್ಯವಧಾನ ಅವರಿಗಿರಲಿಲ್ಲ.

ಆ ಯಂತ್ರದ ಮಿದುಳಿಗೆ ತಾಳ ಹಾಕುವುದು ಕ್ರಿಸ್ಟಲ್ ಎಂಬ ಪುಟ್ಟ ಲೋಹದ ಡಬ್ಬಿ. ಭಜನೆಯಲ್ಲಿ ತಾಳದವನು ಚುರುಕಾದರೆ ಹಾಡುವವರೂ ಓಡಲೇಬೇಕಲ್ಲ, ಹಾಗೆ. ನಮ್ಮದರಲ್ಲಿ ಮೊದಲು ಇದ್ದದ್ದು ಹನ್ನೆರಡರ ಕ್ರಿಸ್ಟಲ್, ಅಂದರೆ ಹನ್ನೆರಡು ಮೆಗಾಹರ್ಟ್ಸಿನದು; ಅಂಕಿ ಏರಿದಷ್ಟೂ ಯಂತ್ರ ಚುರುಕು. ಸರ್ ಅದನ್ನು ಕಿತ್ತು ಹದಿನಾರರದ್ದು ಕೂಡಿಸಿದರು. ಖರೇ ಹೇಳಬೇಕೆಂದರೆ ಅದು ಚೆನ್ನಾಗಿಯೇ ನಡೆಯಿತು. ಊಟದ ಹೊತ್ತಿನಲ್ಲಿ ನಾನೇ ಒಂದೇ ಪಟ್ಟಿಯನ್ನು ಹತ್ತು ಸಲ ಜೋಡಿಸಿ ತಾಳೆ ನೋಡಿದ್ದೆ; ಮೂರು ತಿಂಗಳಲ್ಲಿ ಒಂದಕ್ಷರ ಕದಲಲಿಲ್ಲ. ಅಲ್ಲಿಗೆ ಕೈಮುಗಿದು ಸುಮ್ಮನಿರಬೇಕಿತ್ತು. ಅಷ್ಟರಲ್ಲಿ ಪುಣೆಯಲ್ಲಿ ಯಾರೋ ಹದಿನೆಂಟರದ್ದು ಹಾಕಿದ್ದಾರೆಂಬ ಸುದ್ದಿ ಬಂತು. ಇನ್ನು ಇವರಿಗೆ ನಿದ್ದೆ ಎಲ್ಲಿಯದು?

ಹದಿನೆಂಟರದ್ದು ಹಾಕಿದ ದಿನ ಯಂತ್ರ ತಾಸಿನೊಳಗೆ ಕಾದು ಕಲ್ಲಿನಂತೆ ನಿಂತುಬಿಟ್ಟಿತು. ಸರ್ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ತಿರುಗಿಸಿ ಇಟ್ಟರು. ಮತ್ತೆ ಚಾಲೂ ಆಯಿತು. ಒಂದು ದಿನ ಪರೀಕ್ಷೆ ಮಾಡಿ ನೋಡೋಣ ಎಂದದ್ದಕ್ಕೆ ಅವರು ನನ್ನ ಮುಖ ಕೂಡ ನೋಡಲಿಲ್ಲ.

"ನೀ ಟೈಪ್ ಮಾಡು. ಮಶೀನಿನ ಉಸಾಬರಿ ನಿನಗ ಬ್ಯಾಡ."

ಆಗ ನಮ್ಮ ಕೈಯಲ್ಲಿದ್ದದ್ದು ಖಾನಾಪುರದ ಒಂದು ಶಿಕ್ಷಕರ ತರಬೇತಿ ಶಾಲೆಯ ಪಟ್ಟಿ. ಅರ್ಜಿ ಹಾಕಿದವರ ಅಂಕಗಳನ್ನು ಕೂಡಿಸಿ, ಹೆಚ್ಚಿನವರಿಂದ ಕಡಿಮೆಯವರವರೆಗೆ ಜೋಡಿಸಿ ಕೊಡಬೇಕು, ಮೇಲಿನವರಿಗೆ ಸೀಟು. ಹದಿನಾರು ಇದ್ದಾಗಲೇ ನಾನು ಎಲ್ಲವನ್ನೂ ಟೈಪ್ ಮಾಡಿ, ಅಚ್ಚು ತೆಗೆದು, ಅಂಕಪಟ್ಟಿಗಳ ಜೊತೆ ತಾಳೆ ನೋಡಿದ್ದೆ. ಕೂಡಿಸಿ ಜೋಡಿಸುವ ಕೆಲಸ ಮಾತ್ರ ಹದಿನೆಂಟರಲ್ಲಿ ಆಯಿತು. ಸರ್ ಗಡಿಯಾರ ನೋಡಿದರೇ ಹೊರತು ಪಟ್ಟಿ ನೋಡಲಿಲ್ಲ. ಸಹಿ ಹಾಕಿ ಕಳಿಸಿಬಿಟ್ಟರು.

ಮೂರನೆಯ ದಿನ ಒಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿದ ಅಂಕಪಟ್ಟಿ. ಖಾನಾಪುರದ ಕಡೆಯ ಕುರಿಗಾರರು. ಅವರ ಮನೆತನದಲ್ಲಿ ಹತ್ತನೆಯದು ಮುಗಿಸಿದವಳು ಈಗ ಅರ್ಜಿ ಹಾಕಿದ್ದ ಮಗಳೊಬ್ಬಳೇ. ಸರ್ ಸಹಿಯ ತಿದ್ದುಪಡಿ ಸಂಜೆಯೊಳಗೆ ಬಂದರೆ ಮಾತ್ರ ನೋಡುತ್ತೇವೆ ಎಂದು ಶಾಲೆಯವರು ಹೇಳಿ ಕಳಿಸಿದ್ದರು.

"ಸಾಹೇಬ್ರ, ಕಾರ್ಡಿನ್ಯಾಗ ಗಣಿತಕ್ಕ ಎಂಬತ್ತೆರಡು ಐತ್ರಿ. ನಿಮ್ಮ ಕಾಗದದಾಗ ಬರೇ ಎರಡು ಐತಿ."

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದರು ಸರ್. ಬೇಕಾದರೆ ನಿಮ್ಮ ಕಾರ್ಡೇ ಖರೇನೋ ಖೋಟಾನೋ ತಪಾಸಣೆ ಮಾಡಿಸಿರಿ ಎಂದರು. ಆ ಮನುಷ್ಯ ಕಾರ್ಡನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತರು. ಹಳೆಯ ಅಚ್ಚು ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿ ಎಂಬತ್ತೆರಡು ಎಂದೇ ಇತ್ತು. ಸರ್ ಅದನ್ನು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಮರುಕ್ಷಣ ಹಾಳೆಯನ್ನು ಮಗುಚಿ ಇಟ್ಟು, ಮಶೀನಿನ ಮೇಲೆ ಹೇರುವ ಮಾತು ಬೇಡ, ತಾವಂತೂ ಹಾಗೆ ಬರೆದು ಸಹಿ ಮಾಡುವುದಿಲ್ಲ ಎಂದರು.

ಖಾನಾಪುರದ ಗಾಡಿಗೆ ಮುಕ್ಕಾಲು ತಾಸು ಉಳಿದಿತ್ತು. ಸರ್ ಸತ್ತರೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತಾಯಿತು. ವಾದಿಸುತ್ತ ಕುಳಿತರೆ ಗೆಲ್ಲುವವಳು ನಾನೇ, ಸೀಟು ಕಳೆದುಕೊಳ್ಳುವವಳು ಆ ಹುಡುಗಿ.

"ನಂದ ತಪ್ಪ್ರೀ ಸರ್," ಎಂದೆ. "ಟೈಪ್ ಮಾಡೂವಾಗ ಎಂಟರ ಬದಲಿ ಸೊನ್ನಿ ಒತ್ತೀನಿ."

ಸರ್ ಮುಖ ಅರಳಿತು. "ಹಂಗನ್ನು ಮತ್ತ. ಇರ್ಲಿ ಬಿಡು, ಮಾಫ್ ಮಾಡೀನಿ." ಟೈಪ್ ಮಾಡಿದವಳ ತಪ್ಪಿನಿಂದ ಹೀಗಾಯಿತು ಎಂದು ಬರೆಸಿ ಸಹಿ ಹಾಕಿದರು. ಉಳಿದ ಹೆಸರುಗಳನ್ನು ನಾನು ಹಳೆಯ ಅಚ್ಚಿನೊಂದಿಗೆ ಒಂದೊಂದಾಗಿ ತಾಳೆ ನೋಡಿದೆ. ಬೇರೆ ತಪ್ಪಿರಲಿಲ್ಲ. ಕುರಿಗಾರರು ಕಾಗದ ತೆಗೆದುಕೊಂಡು ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಚಂದಂಗೆ ನೋಡಿ ಒತ್ತಬೇಕವಾ. ನಮ್ಮಂಥವರ ಬಾಳೇ ಇರತೈತಿ ಅದರಾಗ."

ಸರ್ ಬೈದಿದ್ದಕ್ಕೆ ಎಂದೂ ಅಳದವಳು ಅಂದು ಬಂಗಲೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಅತ್ತೆ. ಹುಡುಗಿಗೆ ಸೀಟು ಸಿಕ್ಕಿತೆಂದು ಆಮೇಲೆ ಶಾಲೆಯ ಗುಮಾಸ್ತರಿಂದ ತಿಳಿಯಿತು. ಕುರಿಗಾರರು ಬಂದು ಹೋದ ಮರುದಿನ ಬೆಳಿಗ್ಗೆ ನೋಡುತ್ತೇನೆ, ಯಂತ್ರದಲ್ಲಿ ಹದಿನಾರರ ಕ್ರಿಸ್ಟಲ್ ಕುಳಿತಿದೆ.

ನನಗೆ ಈ ಕಸುಬು ಕಲಿಸಿದವರು ಅವರೇ. ನಮ್ಮೂರಲ್ಲಿ ಹುಡುಗಿಯರನ್ನು ಹೊಲಿಗೆ ಕ್ಲಾಸಿಗೆ ಕಳಿಸಲೂ ಹತ್ತು ಸಲ ಯೋಚಿಸುತ್ತಿದ್ದ ಕಾಲದಲ್ಲಿ ನನ್ನನ್ನು ಕಂಪ್ಯೂಟರ್ ಮುಂದೆ ಕೂಡಿಸಿದರು. ಆ ಋಣವನ್ನು ಇಲ್ಲ ಎನ್ನಲಾರೆ. ಇಲ್ಲ ಎನ್ನಲಾಗದಿರುವುದೇ ನನ್ನ ಸಂಕಟ.

ಅವರು ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು.

"ಭಾಳ ದೊಡ್ಡ ಮನಸ್ಸಿತ್ತವಾ ಅವರದು. ನೀ ಅಷ್ಟು ದೊಡ್ಡ ತಪ್ಪ ಮಾಡಿದ್ರೂ ಮಾಫ್ ಮಾಡಿದ್ದು, ಬಂದವರ ಮುಂದೆಲ್ಲಾ ಹೇಳತಿದ್ರು."

ಹೌದ್ರೀ ಎಂದೆ. ಸಾವಿನ ಮನೆಯಲ್ಲಿ ಮತ್ತೇನು ಹೇಳಲಿ? ಸರ್ ನನ್ನನ್ನು ಮಾಫ್ ಮಾಡಿ ಹೋದರು. ನಾನು ಅವರನ್ನು ಇನ್ನೂ ಮಾಫ್ ಮಾಡಿಲ್ಲ.