ಎರಡು ಸಲ ಉಜ್ಜಿದ ಬಲಬದಿ

ಮೂವತ್ತು ವರ್ಷಗಳಿಂದ ಹಳೆಯ ಫೈಬರ್ ದೋಣಿಗಳನ್ನು ಉಜ್ಜಿ ಹೊಳಪು ಬರಿಸುವುದೇ ಕಸುಬಾದ್ದರಿಂದ ದೋಣಿಕಟ್ಟೆಯವರೆಲ್ಲ ಅವನನ್ನು ಉಜ್ಜಣ್ಣ ಎನ್ನುತ್ತಾರೆ. ಅವನ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿಲ್ಲ. ಕಚೇರಿಗಳಲ್ಲಿ ಬೆರಳಚ್ಚಿನ ಯಂತ್ರ ಅವನನ್ನು ಮನುಷ್ಯನೆಂದು ಒಪ್ಪಿಕೊಳ್ಳಲು ಪ್ರತಿಸಲವೂ ಅರ್ಧ ಗಂಟೆ ಸತಾಯಿಸುತ್ತದೆ. ದೋಣಿಯ ಮುಂದೆ ಅವನ ತಾಳ್ಮೆಗೆ ಕೊನೆಯಿಲ್ಲ. ಮನುಷ್ಯರ ಮುಂದೆ ಮಾತ್ರ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಆ ವಾರದ ಕೋಪಕ್ಕೆ ಕಾರಣ ಅವನ ಭಾವ, ಅಂದರೆ ಅಕ್ಕನ ಗಂಡ. ಪ್ರಯಾಣಿಕರ ಲಾಂಚು ಓಡಿಸಿ ನಿವೃತ್ತನಾದವನು. ಮಂಡಿ ಹೋಗಿದೆ. ಇಪ್ಪತ್ತೆರಡು ವರ್ಷದ ಬಿಳಿ ದೋಣಿಯೊಂದಿದೆ, ಮನೆಬಾಗಿಲಿಂದ ನಲವತ್ತು ಹೆಜ್ಜೆ ದೂರದ ಮುಂಗಟ್ಟೆಯಲ್ಲಿ. ಆ ನಲವತ್ತು ಹೆಜ್ಜೆಯೇ ಅವನ ದಿನ. ದೋಣಿಯವರ ಸಂಘ ಅಲ್ಲೊಂದು ಚೀಟಿ ಅಂಟಿಸಿತ್ತು: ಮೈ ಮಾಸಿದ, ಬಿರುಕುಬಿಟ್ಟ ದೋಣಿಗಳನ್ನು ಶನಿವಾರದ ತಪಾಸಣೆಯ ನಂತರ ಹಿಂಗಟ್ಟೆಗೆ ಕಳಿಸಲಾಗುವುದು. ಹಿಂಗಟ್ಟೆ ಸೇತುವೆಯಾಚೆ, ನಡೆದರೆ ಅರ್ಧ ಗಂಟೆಯ ದಾರಿ. ಆ ಮಂಡಿ ಇಟ್ಟುಕೊಂಡು ಅಲ್ಲಿಗೆ ಹೋಗುವುದೆಂದರೆ ದೋಣಿಯನ್ನು ಮರೆತಂತೆಯೇ.

ಸೋಮವಾರ ದೋಣಿಯನ್ನು ದಡಕ್ಕೆಳೆದು ಕಟ್ಟಿಗೆಯ ಮೇಲೆ ಕೂರಿಸಿದರು. ಉಜ್ಜಣ್ಣ ಅಂಗೈಯಿಂದ ಮೈ ಸವರಿದ. ಬಿಳಿ ಪುಡಿ ಮೆತ್ತಿಕೊಂಡಿತು.

"ಭಾವ, ಇದನ್ನ ವರ್ಷಕ್ಕೆ ಎಷ್ಟು ಸಲ ಉಜ್ತಿದ್ರಿ?"

"ಎಷ್ಟು ಅಂತ ಲೆಕ್ಕ ಇಟ್ಟಿದೀನಾ? ಬೇಜಾರಾದಾಗೆಲ್ಲ ಉಜ್ತಿದ್ದೆ."

"ಏನು ಹಾಕಿ?"

"ಪಾತ್ರೆ ತಿಕ್ಕೋ ಪುಡಿ."

ಉಜ್ಜಣ್ಣ ಕಣ್ಣು ಮುಚ್ಚಿಕೊಂಡ.

"ಯಾಕೋ, ನಿಮ್ಮಕ್ಕನ ಪಾತ್ರೆ ನೋಡು, ಮುಖ ಕಾಣುತ್ತೆ."

"ಪಾತ್ರೆಗೆ ಚರ್ಮ ಇರಲ್ಲ ಭಾವ! ಇದಕ್ಕಿದೆ!"

ಇದ್ದದ್ದೂ ನಿಜ. ಫೈಬರ್ ದೋಣಿಯ ಹೊರಗೆ ಜೆಲ್‌ಕೋಟ್ ಎಂಬ ತೆಳು ಪದರವಿರುತ್ತದೆ, ಉಗುರಿನಷ್ಟು ದಪ್ಪ. ಬಿಸಿಲು ಅದರ ಮೇಲ್ಮೈಯನ್ನು ಸುಣ್ಣದಂತೆ ಪುಡಿ ಮಾಡುತ್ತದೆ. ಪುಡಿಯಾದಷ್ಟನ್ನು ಮಾತ್ರ ತೆಗೆದರೆ ಕೆಳಗೆ ಹಳೆಯ ಹೊಳಪು ಇನ್ನೂ ಕಾದಿರುತ್ತದೆ. ಸ್ವಲ್ಪ ಹೆಚ್ಚಾದರೆ ಪದರವೇ ಹೋಗಿ ಒಳಗಿನ ಗಾಜಿನ ನೂಲು ಕಾಣುತ್ತದೆ. ಇಪ್ಪತ್ತೆರಡು ವರ್ಷದ ಬೇಜಾರಿಗೆ ಎಷ್ಟು ಸವೆದು ಎಷ್ಟು ಉಳಿದಿದೆಯೋ ಹೇಳುವವರಿರಲಿಲ್ಲ.

ಅದಕ್ಕೇ ಉಜ್ಜಣ್ಣನದೊಂದು ಪದ್ಧತಿ. ಉಜ್ಜುವ ಮೊದಲು ದೋಣಿಯ ಮೈತುಂಬ ಪೆನ್ಸಿಲಿನಿಂದ ಗೀಚುತ್ತಾನೆ. ನೀರು ಚಿಮುಕಿಸಿ, ವಾಟರ್ ಪೇಪರ್ ಎಂಬ ನಯವಾದ ಉಜ್ಜುಕಾಗದದಿಂದ ಹಗುರವಾಗಿ ತಿಕ್ಕುತ್ತಾನೆ. ಗೀಚು ಅಳಿದಲ್ಲಿ ಕೈ ನಿಲ್ಲಬೇಕು. "ಈ ದೋಣಿ ಒಂದೇ ಸಲ ತಡೆಯೋದು. ಯಾರೂ ಮುಟ್ಟಬಾರದು," ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಿದ. ಮನೆಯವರೆಂದರೆ ಇಬ್ಬರೇ.

ಬುಧವಾರ ಬೆಳಿಗ್ಗೆ ಎರಡೂ ಬದಿ ಗೀಚಿಟ್ಟು, ಹೊಳಪು ಬರಿಸುವ ಕಾಂಪೌಂಡ್ ಪೇಸ್ಟು ಮುಗಿದಿದೆಯೆಂದು ಪೇಟೆಗೆ ಹೋದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದ ಭಾವ ಸ್ಟೂಲು ಎಳೆದುಕೊಂಡು ಕುಳಿತು ಬಲಬದಿಯನ್ನು ಪೂರ್ತಿ ತಿಕ್ಕಿದ. ಪದ್ಧತಿ ಬಿಡಲಿಲ್ಲ, ಗೀಚು ಅಳಿದಲ್ಲಿ ಕೈ ನಿಲ್ಲಿಸಿದ. ಬಟ್ಟೆಯಿಂದ ಒರೆಸಿ ಒಣಗಿಸಿದ. ಭಾವಮೈದುನ ಬಂದು ಬೆರಗಾಗಲಿ ಎಂದುಕೊಂಡು ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಒಳಗೆ ಹೋಗಿ, ಎಣ್ಣೆ ಹಚ್ಚಿಕೊಂಡು, ನಿದ್ದೆಹೋದ.

ಅಷ್ಟರಲ್ಲಿ ಅಕ್ಕ ಬಂದಳು. ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು. ಎಡಬದಿಯಲ್ಲಿ ಗೀಚಿದೆ, ಬಲಬದಿ ಖಾಲಿ. ಪಾಪ, ತಮ್ಮನಿಗೆ ಮರೆತಿದೆ. ಪೆನ್ಸಿಲು ಅಲ್ಲೇ ಇತ್ತು. ಎಡಬದಿಯ ಗೀಚನ್ನು ನೋಡಿಕೊಂಡು, ಅದೇ ಓರೆ, ಅದೇ ಒತ್ತು, ಅದೇ ಅವಸರ ಎಲ್ಲವನ್ನೂ ಬಲಬದಿಗೆ ಇಳಿಸಿ ತರಕಾರಿ ತರಲು ಹೊರಟಳು.

ಉಜ್ಜಣ್ಣ ಬಂದ. ತನ್ನದೇ ಕೈಯ ಗೀಚು ಕಂಡು, ಅನುಮಾನವಿಲ್ಲದೆ, ಬಲಬದಿಯಿಂದಲೇ ಶುರುಮಾಡಿದ. ದೋಣಿಯ ಎದೆ ಬಾಗುವಲ್ಲಿ, ಕೊನೆಯ ಗೀಚು ಅಳಿಯುವ ಮೊದಲೇ, ಬಿಳಿಯ ಒಳಗಿಂದ ಹಸಿರು ಮಿಶ್ರಿತ ಬೂದು ನೇಯ್ಗೆಯೊಂದು ಮೇಲೆದ್ದಿತು. ಅಂಗೈಯಗಲ.

ಮೂವತ್ತು ವರ್ಷದಲ್ಲಿ ಅವನ ಕೈಕೆಳಗೆ ಆ ನೇಯ್ಗೆ ಕಂಡದ್ದು ಅದೇ ಮೊದಲು. ಅವನು ಕೂಗಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನೋಡುತ್ತ ನಿಂತ.

ಭಾವ ಕುಂಟುತ್ತ ಬಂದ. "ಹೇಗಿದೆ ನನ್ನ ಕೆಲಸ?"

"ನಿಮ್ಮ ಕೆಲಸ?"

"ಬೆಳಿಗ್ಗೆ ನಾನೇ ಉಜ್ಜಿದ್ದು ಕಣಯ್ಯ. ಗೀಚು ಒಂದೂ ಬಿಟ್ಟಿಲ್ಲ."

"ಹಾಗಾದ್ರೆ ನಾನೀಗ ಅಳಿಸಿದ ಗೀಚು ಯಾರದ್ದು?"

ತರಕಾರಿ ಚೀಲ ಹಿಡಿದು ಬರುತ್ತಿದ್ದ ಅಕ್ಕ ಹೆಮ್ಮೆಯಿಂದಲೇ ಅಂದಳು: "ನಂದು. ನಿನಗೆ ಗುರುತೇ ಸಿಗಲಿಲ್ಲ ಅಲ್ವಾ?"

ಆಮೇಲೆ ಉಜ್ಜಣ್ಣ ಕೂಗಿದ್ದು ಹಿಂಗಟ್ಟೆಗೂ ಕೇಳಿತಂತೆ. "ಮುಟ್ಟಬೇಡಿ ಅಂದೆ! ಕನ್ನಡದಲ್ಲೇ ಅಂದೆ! ಶತ್ರುಗಳಾಗಿದ್ರೆ ಒಬ್ಬರಾದ್ರೂ ಮಾತು ಕೇಳ್ತಿದ್ರು!"

ಭಾವನಿಗೆ ಆ ಬೂದು ನೇಯ್ಗೆ ಆಗ ಕಂಡಿತು. ಸ್ಟೂಲಿನ ಮೇಲೆ ಕುಳಿತ. "ಹಿಂಗಟ್ಟೆಗೆ ಹೋಯ್ತು ಬಿಡು," ಎಂದ, ಬೇರೆ ಯಾರಿಗೋ ಸಂಬಂಧಿಸಿದ ಮಾತಿನಂತೆ. ಅದನ್ನು ಕೇಳಿ ಉಜ್ಜಣ್ಣನ ಕೋಪಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಒಂದು ಡಬ್ಬಿಯನ್ನು ಒದ್ದು, ತಾನೇ ಹೋಗಿ ಎತ್ತಿಕೊಂಡು ಬಂದ. ಅದು ಹೊಸ ಜೆಲ್‌ಕೋಟಿನ ಡಬ್ಬಿ.

ತೇಪೆ ಹಾಕುವುದು ಕಷ್ಟವಲ್ಲ, ಬಣ್ಣ ಕೂಡಿಸುವುದು ಕಷ್ಟ. ಹಳೆಯ ದೋಣಿಯ ಬಿಳಿ ಬಿಳಿಯಾಗಿರುವುದಿಲ್ಲ. ಉಜ್ಜಣ್ಣ ಹಳದಿ ಬೆರೆಸಿದ, ಕಂದು ಬೆರೆಸಿದ. ಮೂರು ಸಲವೂ ಚುಕ್ಕೆಯಿಟ್ಟು ಒಣಗಿಸಿ ನೋಡಿದರೆ ಕಟ್ಟಿಸಿದ ಹಲ್ಲಿನಂತೆ ಎದ್ದು ಕಾಣುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತಾಡಲೋ ಬೇಡವೋ ಎಂದು ಸೆರಗಿನ ತುದಿ ತಿರುವುತ್ತಿದ್ದಳು.

"ಏನು, ಹೇಳಿಬಿಡು," ಎಂದು ಸಿಡುಕಿದ.

"ಹಸಿರು ಬೇಕು ಕಣೋ. ಸಾಸಿವೆಯಷ್ಟು."

"ಬಿಳಿಗೆ ಹಸಿರಾ?"

"ನೀನು ಉಜ್ಜೋನು. ನಾನು ನೋಡೋಳು."

ಸಾಸಿವೆಯಷ್ಟು ಹಸಿರು ಬಿತ್ತು. ನಾಲ್ಕನೆಯ ಚುಕ್ಕೆ ಒಣಗಿದ ಮೇಲೆ ಎಲ್ಲಿದೆಯೆಂದು ಹುಡುಕಬೇಕಾಯಿತು. ಉಜ್ಜಣ್ಣ ಹೊಗಳಲಿಲ್ಲ. ಬಟ್ಟಲನ್ನು ಅವಳ ಕೈಗೆ ಕೊಟ್ಟ. ಕಲಸುವ ಕೆಲಸ ಅವಳದಾಯಿತು. ಗಟ್ಟಿಯಾಗಲೆಂದು ಹಾರ್ಡನರ್ ಹನಿ ಹಾಕಿ, ತೇಪೆ ಬಳಿದು, ಗಾಳಿ ತಾಗದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಶುಕ್ರವಾರ ಹಾಳೆ ತೆಗೆದು, ತೇಪೆಯನ್ನಷ್ಟೇ ಬೇಕಾದಷ್ಟು ಉಜ್ಜಿದ, ಅದಕ್ಕೆ ದಪ್ಪವಿತ್ತು. ಎಡಬದಿಯ ಗೀಚು ಅಳಿಸಿ ಕೈ ನಿಲ್ಲಿಸಿದ. ಉಳಿದ ಮೈಗೆ ಕಾಂಪೌಂಡ್ ಹಾಕಿ ಉಜ್ಜುವ ಧೈರ್ಯವಾಗದೆ, ಮೇಣ ಸವರಿ ಬಿಟ್ಟ. ಎಲ್ಲ ಕಡೆ ಮುಸುಕು ಬೆಳಕಿನ ಹೊಳಪು. ತೇಪೆಯ ಜಾಗ ಮಾತ್ರ ಕನ್ನಡಿ.

ಶನಿವಾರ ಸಂಘದ ಕಾರ್ಯದರ್ಶಿ ಪುಸ್ತಕ ಹಿಡಿದು ಬಂದ. ಎಡಬದಿ ನೋಡಿದ. ಬಲಬದಿಯಲ್ಲಿ ತೇಪೆಯ ಮುಂದೆ ನಿಂತು ಬಗ್ಗಿದ. ಕಾರ್ಯದರ್ಶಿ ಅದರಲ್ಲಿ ಮುಖ ನೋಡಿಕೊಂಡು, ಮೀಸೆ ಸರಿಮಾಡಿಕೊಂಡ.

"ಏನ್ರೀ ಉಜ್ಜಣ್ಣ, ಇದೊಂದು ಜಾಗ ಇಷ್ಟು ಚೆನ್ನಾಗಿ ಉಜ್ಜಿದೀರಿ. ಉಳಿದದ್ದಕ್ಕೆ ಯಾಕ್ರೀ ಸೋಮಾರಿತನ?"

ಉಜ್ಜಣ್ಣನ ಕುತ್ತಿಗೆಯ ನರ ಎದ್ದಿತು. ಅಕ್ಕ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು.

"ವಯಸ್ಸಾಯ್ತು ಸಾರ್," ಎಂದ ಹಲ್ಲುಕಚ್ಚಿ. ಆ ಎರಡು ಪದಕ್ಕೆ ಮೂವತ್ತು ವರ್ಷದ ಹೆಸರೆಲ್ಲ ಹೋದಂತಾಯಿತು ಅವನಿಗೆ.

"ಇರಲಿ, ಬಿರುಕಿಲ್ಲ, ನಂಬರು ಕಾಣುತ್ತೆ. ಮುಂಗಟ್ಟೆಯಲ್ಲೇ ಇರಲಿ," ಎಂದು ಕಾರ್ಯದರ್ಶಿ ಪುಸ್ತಕದಲ್ಲಿ ಗುರುತು ಹಾಕಿ ಮುಂದಕ್ಕೆ ಹೋದ.

ಮಧ್ಯಾಹ್ನ ದೋಣಿ ನೀರಿಗಿಳಿಯಿತು. ಭಾವ ನಲವತ್ತು ಹೆಜ್ಜೆ ನಡೆದು, ಕಂಬ ಹಿಡಿದು, ನೋವಿರುವ ಕಾಲನ್ನು ಮೊದಲು ಒಳಗಿಟ್ಟ. ಕಾಲಲ್ಲಿ ಕೆಸರು ಮೆತ್ತಿದ ಚಪ್ಪಲಿ.

"ಭಾವ!" ಉಜ್ಜಣ್ಣ ದಡದಿಂದ ಅರಚಿದ. "ಮೇಣ ನಿನ್ನೆ ತಾನೇ ಹಾಕಿದ್ದು! ಚಪ್ಪಲಿ! ಚಪ್ಪಲಿ ಬಿಡ್ರೀ!"

ಭಾವ ತಿರುಗಿ ಕೈಬೀಸಿದ.