ಲಂಕೆಯ ಪಂಕ್ ಆಲ್ಬಮ್ಮಿನಲ್ಲಿ ನಮ್ಮ ಸೋಮವಾರದ ಭಜನೆ

ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದೆ. ದಾಂಡೇಲಿಯ ಹೋಂಸ್ಟೇಯಲ್ಲಿ ಕೆಲಸಕ್ಕಿರುವ ಮಗಳು ನೀಲಾಳ ಫೋನು ಬಂತು.

"ಅವ್ವಾ, ನಿಮ್ಮ ಭಜನಿ ಶ್ರೀಲಂಕಾದ ಪಂಕ್ ರಾಕ್ ಆಲ್ಬಮ್ಮಿನಾಗ ಬಂದೈತಿ."

"ಪಂಕ್ ಅಂದ್ರ?"

"ಸಿಟ್ಟಿಲೆ ಒದರೂದು, ಅಷ್ಟ."

ದೇವರ ಹಾಡಿಗೂ ಸಿಟ್ಟಿಗೂ ಏನು ಸಂಬಂಧ, ನೀವೇ ಹೇಳಿ.

ಹೋದ ವರ್ಷ ಹೋಂಸ್ಟೇಗೆ ಬಂದಿದ್ದ ಲಂಕೆಯ ಹುಡುಗಿಯನ್ನು ಹಳಿಯಾಳದ ನಮ್ಮ ಮನೆಗೆ ಕರೆತಂದವಳು ನೀಲಾಳೇ. ಅರ್ಧ ತಲೆ ಬೋಳು, ಉಳಿದರ್ಧಕ್ಕೆ ಕೆಂಪು ಬಣ್ಣ. ನಮ್ಮ ಭಜನೆಯ ಹೆಂಗಸರ ನಡುವೆ ಕಾಲು ಮಡಚಿ ಕೂತಳು, ಕೊಟ್ಟ ವಿಭೂತಿ ಹಚ್ಚಿಕೊಂಡಳು. ಹಾಡನ್ನು ಫೋನಿನಲ್ಲಿ ಹಿಡಿದುಕೊಳ್ಳಲೇ ಎಂದು ಕೇಳಿದಾಗ ನನಗೆ ಅನುಮಾನವೇ. ಆದರೂ ಮನೆಗೆ ಬಂದವಳಿಗೆ ಒಲ್ಲೆ ಎನ್ನಲಾಗಲಿಲ್ಲ.

ಸುದ್ದಿ ಕೇಳಿ ನಮ್ಮ ಯಜಮಾನರಿಗೆ ನಗು. "ರಾವಣ ಗೋಕರ್ಣದಾಗ ಲಿಂಗ ಎತ್ತಾಕಾಗ್ದ ಬರಿಗೈಲೆ ಲಂಕಾಕ್ಕ ಹೋದ. ಈಕಿ ನಿಮ್ಮ ಭಜನೀನ ಹೊತ್ಕೊಂಡು ಹೋದ್ಲು ನೋಡು."

ಭಜನೆಗೆ ದನಿ ಎತ್ತಿಕೊಡುವ ಗಂಗಕ್ಕ ಮಾತ್ರ ನಗಲಿಲ್ಲ. "ಮಂಗಳಾರತಿ ಹಾಡಿ ಮುಗಿಸ್ಯಾಳೋ ಇಲ್ಲೋ ಕೇಳೂಣು ತಂಗಿ. ನಡುವ ತುಂಡ ಮಾಡಿದ್ರ ಇನ್ನ ನಿಮ್ಮ ಮನ್ಯಾಗ ಭಜನಿ ಬ್ಯಾಡ."

ಸೋಮವಾರದ ಈ ಭಜನೆ ಅತ್ತೆಯ ಕಾಲದಿಂದ ನಡೆದುಬಂದದ್ದು. ನನ್ನ ಕಾಲಕ್ಕೆ ನಿಲ್ಲುವುದೇ?

ಸಂಜೆಯ ಬಸ್ಸಿಗೆ ನೀಲಾ ಬಂದಳು. ಗಂಗಕ್ಕನೂ ಸೇರಿ ಮೂವರೂ ಫೋನಿನ ಸುತ್ತ ಕೂತೆವು. ತಗಡಿನ ಮೇಲೆ ಕಾಯಿ ಉರುಳಿದಂತೆ ಡ್ರಮ್ಮು. ಅದರೊಳಗೆ ನಮ್ಮ ತಾಳ, ಗಂಗಕ್ಕನ ದನಿ. ಆಮೇಲೆ ಆ ಹುಡುಗಿಯ ಚೀರಾಟ.

"ಹೊಟ್ಟಿನೋವೇನ ಈಕಿಗೆ?" ಎಂದಳು ಗಂಗಕ್ಕ.

"ಅಲ್ಲಿ ಯುದ್ಧ ನಡೆದಾಗ ಆಕಿ ಅಪ್ಪನ್ನ ಯಾರೋ ಕರಕೊಂಡು ಹೋದ್ರಂತ ದೊಡ್ಡವ್ವಾ. ಇನ್ನೂ ಬಂದಿಲ್ಲ. ಅವನ್ನ ಕರಿಯಾಕತ್ತಾಳ."

ತನ್ನ ಕರುಳನ್ನೇ ತಂತಿ ಮಾಡಿ ಶಿವನನ್ನು ಕರೆದನಂತಲ್ಲ ರಾವಣ. ಆ ಹಾಡೂ ಇಂಪಾಗಿರಲಿಕ್ಕಿಲ್ಲ ಎಂದು ನನಗೆ ಆಗ ಹೊಳೆಯಿತು.

ಗದ್ದಲವೆಲ್ಲ ತಣ್ಣಗಾದ ಮೇಲೆ, ಕಟ್ಟಕಡೆಗೆ, ನಮ್ಮ ಮಂಗಳಾರತಿ ಬಂತು. ಒಂದು ಸಾಲೂ ಬಿಟ್ಟಿರಲಿಲ್ಲ. ಗಂಗಕ್ಕ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದಳು. ಮಂಗಳದ ಮೇಲೆ ಮತ್ತೆ ಯಾರೂ ಹಾಡಬಾರದು. ಕಾದೆವು. ಏನೂ ಬರಲಿಲ್ಲ.

"ತಿಳದ ಮಾಡ್ಯಾಳೋ, ಹಂಗ ಆತೋ?" ಎಂದಳು ಗಂಗಕ್ಕ. ಆ ಅನುಮಾನ ನನಗೂ ಪೂರ್ತಿ ಹೋಗಿಲ್ಲ. ಹಾಗೇ ಆಗಿದ್ದರೂ ದೇವರು ದೊಡ್ಡವನು.

ಎದ್ದು ಸೆರಗು ಸರಿಮಾಡಿಕೊಳ್ಳುತ್ತ ಗಂಗಕ್ಕ ನೀಲಾಳಿಗೆ ಹೇಳಿದಳು: "ಆಕಿ ಅಪ್ಪನ ಹೆಸರೇನಂತ ಕೇಳವಾ. ಸೋಮವಾರ ಅವನ ಹೆಸರಿಲೆ ಒಂದ ದೀಪ ಹಚ್ಚೂಣು."

ನಾನು ಭಜನೆಗೆ ಹೆಂಗಸರು ಕೂರುವ ಜಮಖಾನೆಯನ್ನು ಒಗೆಯಲು ನೆನೆಹಾಕಿದೆ.